ಐದನೇ ವೈರು

ಹದಿನಾಲ್ಕನೇ ದಿನ ಬೆಳಿಗ್ಗೆ ಐದಕ್ಕೆ ಅತ್ತೆ ಮೀನಿನ ಬುಟ್ಟಿ ತೆಗೆದುಕೊಂಡು ಹೊರಟರು. ನನ್ನ ಗಂಡ ಸುಧೀರನ ಬೊಜ್ಜ, ಉತ್ತರಕ್ರಿಯೆ, ಮುಗಿದಿತ್ತು. ನೆಂಟರು ಹೋಗಿದ್ದರು. ಬಾಡಿಗೆಯ ಕುರ್ಚಿಗಳೂ ಹೋಗಿದ್ದವು. ಗಂಗೊಳ್ಳಿ ಬಂದರಿಗೆ ಹೋಗುವ ಟೆಂಪೊ ರಸ್ತೆಯಲ್ಲಿ ನಿಂತು ಎರಡು ಸಲ ಹಾರ್ನ್ ಹಾಕಿತು. ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಗಂಜಿ ಇತ್ತ್, ಉಣ್," ಅಂದರು. ಟೆಂಪೊ ಹೋಯಿತು.

ನಾನು ಎದ್ದು ಹಲ್ಲುಜ್ಜಿದೆ. ಗಂಜಿ ಉಂಡೆ. ಪಾತ್ರೆ ತೊಳೆದೆ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಒಂದು ಸಾಕು ಎಂದು ಅವನಿಗೆ ಹೇಳಬೇಕಿತ್ತು. ಎರಡನ್ನೂ ಕಾಯಿಸಿದೆ.

ಆಮೇಲೆ ಸುಧೀರನ ಕೆಲಸದ ಕೋಣೆಯ ಬಾಗಿಲು ತೆರೆದೆ. ಮೇಜಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡು. ಅದರಿಂದ ಚಾರ್ಜರಿನ ಐದು ವೈರುಗಳು ಮೇಲೆ ಬಂದು ಮೇಜಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಅವನು ಟೇಪು ಸುತ್ತಿ ಪೆನ್ನಿನಲ್ಲಿ ಬರೆದಿದ್ದ: ನಾನು, ವಿನಯಾ, ಆಫೀಸು ಒಂದು, ಆಫೀಸು ಎರಡು, ಅಮ್ಮ. ಬೋರ್ಡಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಅಂಗೈಯಷ್ಟು ದೊಡ್ಡ ಬಿಳಿ ಮೀಟರ್ ಇತ್ತು. ಎಷ್ಟು ಕರೆಂಟು ಹೋಯಿತು ಎಂದು ತೋರಿಸುವಂಥದ್ದು. ಅದರ ಮೇಲೆ ಧೂಳು ಕೂತಿತ್ತು. ಒರೆಸಲೆಂದು ಕಿತ್ತಾಗ ಬೆನ್ನಿನಲ್ಲಿ ಒಂದು ಚೀಟಿ ಕಂಡಿತು. ಮಂಜ, ಫ್ರಿಜ್ ರಿಪೇರಿ, ಬೈಂದೂರು. ಕೆಳಗೆ ನಂಬರು.

ನಾವು ಕೊಂಡದ್ದು ಎಂದುಕೊಂಡಿದ್ದೆ. ಕಡ ತಂದದ್ದು ಎಂದು ಅವನು ಹೇಳಿರಲಿಲ್ಲ. ಒರೆಸಿ ಮತ್ತೆ ಸಿಕ್ಕಿಸಿದೆ.

ನಮ್ಮಿಬ್ಬರ ಕೆಲಸವನ್ನು ನಮ್ಮೂರು ಕೋಡಿಯಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ಆಗಿರಲಿಲ್ಲ. ಫೋನಿನಲ್ಲಿ ಬರುವ ಜಾಹೀರಾತು ಎಷ್ಟು ಇಂಗಾಲವನ್ನು ಗಾಳಿಗೆ ಬಿಡುತ್ತದೆ ಎಂದು ಅಳೆಯುವ ಕೆಲಸ. ಜಾಹೀರಾತು ದೂರದ ಒಂದು ಸರ್ವರಿನಲ್ಲಿ ಇರುತ್ತದೆ, ಟವರಿನ ಮೂಲಕ ಬರುತ್ತದೆ, ಕೈಯಲ್ಲಿರುವ ಫೋನಿನಲ್ಲಿ ಓಡುತ್ತದೆ. ಮೂರು ಕಡೆಯೂ ಕರೆಂಟು ಬೇಕು. ಆ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ. ಸಾಧಾರಣ ಜಾಹೀರಾತಿಗಾದರೆ ಸಿದ್ಧ ಕೋಷ್ಟಕ ಇದೆ, ನೋಡಿ ಬರೆದರಾಯಿತು. ಒಬ್ಬ ಗಿರಾಕಿಗೆಂದೇ ಬೇರೆಯಾಗಿ ಮಾಡಿದ, ಬೆರಳಿನಿಂದ ಉಜ್ಜಿದರೆ ಬದಲಾಗುವ, ಮಾತಾಡುವ ಜಾಹೀರಾತುಗಳಿಗೆ ಕೋಷ್ಟಕ ಇಲ್ಲ. ಅವನ್ನು ಒಂದೊಂದಾಗಿ ಅಳೆಯಬೇಕು. ಸರ್ವರು ಮತ್ತು ಟವರಿನ ಲೆಕ್ಕ ನನ್ನದು. ಫೋನಿನ ಅಳತೆ ಸುಧೀರನದು. ಕೊಣಾಜೆಯಲ್ಲಿ ಎಂ.ಎಸ್ಸಿ. ಓದುವಾಗಲೂ ಹೀಗೇ ಇತ್ತು. ನಾನು ಪುಸ್ತಕದ ಕಡೆ, ಅವನು ಉಪಕರಣದ ಕಡೆ.

ಕೆಲಸ ಕೊಡುವವರು ಬ್ರಹ್ಮಾವರದ ರಾಘವೇಂದ್ರ ಸರ್. ಇಂಥ ಜಾಹೀರಾತುಗಳನ್ನು ಅವರ ಆಫೀಸಿನಲ್ಲಿ ಮಾಡುತ್ತಾರೆ. ಕೊನೆಯದು ಒಂದು ಪೇಂಟ್ ಕಂಪನಿಯದು. ಮಳೆಗಾಲ ಮುಗಿದ ಮೇಲಿನ ಗೋಡೆ, ಅದರ ತುಂಬ ಹಸಿರು ಪಾಚಿ. ಬೆರಳಿನಿಂದ ಉಜ್ಜಿದರೆ ಪಾಚಿ ಹೋಗಿ ಹಳದಿ ಬಣ್ಣ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕಿನ ಫೋನುಗಳಲ್ಲಿ ಮಾತ್ರ ಕಾಣುವಂತೆ ಮಾಡಿದ್ದರು. ಹಾಗಾಗಿ ಮಾತೂ ಇಲ್ಲಿಯದೇ ಬೇಕಿತ್ತು. ಸ್ವರ ಕೊಡಬೇಕಾದವನಿಗೆ ಆ ದಿನ ಗಂಟಲು ಕಟ್ಟಿತ್ತು. ಮೀಟರ್ ಹಿಡಿದುಕೊಂಡು ಹೋಗಿದ್ದ ಸುಧೀರನನ್ನೇ ಮೈಕಿನ ಮುಂದೆ ನಿಲ್ಲಿಸಿದರು.

"ಹ್ವಾಯ್! ಗ್ವಾಡಿ ಒಮ್ಮೆ ಕಾಣಿ!"

ಗೋಡೆ ಒಮ್ಮೆ ನೋಡಿ, ಇಷ್ಟೇ ಮಾತು. ಜಾಹೀರಾತು ಶುರುವಾದ ಎಂಟನೇ ದಿನ ಹೆಮ್ಮಾಡಿಯ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು. ಜಾಹೀರಾತು ನಿಲ್ಲಲಿಲ್ಲ. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹತ್ತೂವರೆಗೆ ರಾಘವೇಂದ್ರ ಸರ್ ಫೋನ್ ಮಾಡಿದರು.

"ವಿನಯಾ, ಹೇಗಿದ್ದೀರಿ ಅಂತ ನಾನು ಕೇಳುವುದಿಲ್ಲ," ಅಂದರು. "ಒಂದು ಸಹಿ ಬೇಕಿತ್ತು. ಪೇಂಟಿನದ್ದು. ಸುಧೀರ್ ಲೆಕ್ಕ ಕಳಿಸಿದ್ದಾರೆ, ಸಹಿ ಹಾಕುವ ಮೊದಲೇ... ಹಾಗಾಯಿತು."

"ಎಷ್ಟಿತ್ತು ಸರ್?"

"ತೊಂಬತ್ತಾರು. ನೂರರ ಒಳಗೆ ಇದೆಯಲ್ಲ. ನೀವು ಸಹಿ ಹಾಕಿದರೆ ದೀಪಾವಳಿಯವರೆಗೆ ಓಡುತ್ತದೆ. ಶುಕ್ರವಾರದ ಒಳಗೆ ಕೊಡಿ."

ಸಾವಿರ ಸಲ ಕಂಡರೆ ನೂರು ಗ್ರಾಂ ಇಂಗಾಲ. ಪೇಂಟ್ ಕಂಪನಿ ಹಾಕಿದ ಗೆರೆ ಅದು. ದಾಟಿದರೆ ಜಾಹೀರಾತನ್ನು ತೆಗೆದು ಬರಿಯ ಒಂದು ಚಿತ್ರ ಹಾಕುತ್ತಾರೆ, ಪಾಚಿ ಇಲ್ಲದ್ದು, ಮಾತಿಲ್ಲದ್ದು. ತಿದ್ದಿ ಹಗುರ ಮಾಡಬಹುದು, ಆದರೆ ತಿದ್ದಿದರೆ ಹೊಸ ಜಾಹೀರಾತು ಎಂದೇ ಲೆಕ್ಕ. ಒಪ್ಪಿಗೆ ಬರುವಷ್ಟರಲ್ಲಿ ಬಣ್ಣ ಬಳಿಯುವ ಕಾಲ ಮುಗಿಯುತ್ತದೆ.

"ನಾನು ಒಂದು ಸಲ ಅಳೆದು ಸಹಿ ಹಾಕುತ್ತೇನೆ," ಅಂದೆ. ಪದ್ಧತಿ ಹಾಗೆ. ಸಹಿ ಹಾಕುವವರು ಒಂದು ಸಲವಾದರೂ ತಾವೇ ಅಳೆಯಬೇಕು.

"ಆಯ್ತು, ಆಯ್ತು. ಅವಸರ ಇಲ್ಲ," ಅಂದರು. ಆ ದಿನ ಬುಧವಾರ.

ಮಧ್ಯಾಹ್ನ ಎರಡಕ್ಕೆ ಅತ್ತೆ ಪೇಟೆಯಿಂದ ಬಂದರು. ಜೊತೆಯಲ್ಲೇ ಮೀನು ಮಾರುವ ಪಕ್ಕದ ಮನೆಯ ಚಂದ್ರಮತಿಯೂ ಬಂದು ಜಗಲಿಯಲ್ಲಿ ಕೂತರು. ಇಬ್ಬರೂ ಕೈ ತೊಳೆದು, ಸೆರಗಿಗೆ ಒರೆಸಿ, ಫೋನು ತೆಗೆದರು. ಊರಿನ ಸುದ್ದಿ ಬರುವ ಪುಟವನ್ನು ಮೇಲಕ್ಕೆ ತಳ್ಳುವುದು, ಮತ್ತೆ ಕೆಳಕ್ಕೆ ಎಳೆಯುವುದು. ಓದಲು ಅಲ್ಲ, ನಡುವೆ ಆ ಜಾಹೀರಾತು ಬರಲಿ ಎಂದು. ಇಬ್ಬರಿಗೂ ಅಷ್ಟು ಓದು ಬರುವುದಿಲ್ಲ.

"ವನಜಕ್ಕ, ನಂಗೆ ಬೆಳಿಗ್ಗಿಂದ ಎರಡ್ ಸಲ ಕರ್ದ ಕಾಣಿ. ನಿಮ್ಗೆ?"

"ಒಂದೂ ಇಲ್ಲೆ."

"ನಾನ್ ಹೊಸ ಮನಿ ಕಟ್ತೆ ಅಂದೆಳಿ ತಿಳ್ಕಂಡಿರ್ಕ್ ಅದ್. ನಿಮ್ಮ ಗ್ವಾಡಿ ಕಂಡ್ರೆ ಬಣ್ಣದವ್ರ್ ಹೆದ್ರಿ ಓಡ್ತ್ರ್."

"ನಿನ್ನ ಮನಿಗೆ ಗ್ವಾಡಿ ಎಲ್ಲಿತ್ತ್ ಮಾರಾಯ್ತಿ? ತಗ್ಡ್ ಕಟ್ಟಿದ್ದಲ್ದಾ!"

ಚಂದ್ರಮತಿ ನಕ್ಕರು. ಅಷ್ಟರಲ್ಲಿ ಅತ್ತೆಯ ಫೋನು, "ಹ್ವಾಯ್! ಗ್ವಾಡಿ ಒಮ್ಮೆ ಕಾಣಿ!" ಅಂದಿತು.

"ಬಂದ," ಅಂದರು ಅತ್ತೆ.

ಬೆರಳಿನಿಂದ ಉಜ್ಜಲಿಲ್ಲ. ಉಜ್ಜಿದರೆ ಬೇಗ ಮುಗಿಯುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. ಪಾಚಿಯನ್ನೇ ನೋಡುತ್ತ ಕೂತರು. ಮುಗಿದ ಮೇಲೆ ಫೋನನ್ನು ಮಡಿಲಿನಲ್ಲಿ ಮಗುಚಿ ಇಟ್ಟರು.

ಬೊಜ್ಜದ ಮುಂಚೆಯೇ ನಾನು ಒಂದು ಸಲ ಹೇಳಿದ್ದೆ. "ಅತ್ತೆ, ಅವರ ಸ್ವರ ನನ್ನತ್ರ ಇತ್ತ್. ನಿಮ್ಮ ಮೊಬೈಲಿಗೆ ಹಾಕಿ ಕೊಡ್ತೆ. ಬೇಕಾದಾಗ ಒತ್ರೆ ಆಯ್ತ್."

ಅತ್ತೆ ಯೋಚಿಸಲೂ ಇಲ್ಲ. "ನಾನ್ ಒತ್ತಿ ಕರ್ಸ್ಕಂಬ್ದಾ? ಬ್ಯಾಡ. ಅವನೇ ಕರೀಲಿ," ಅಂದಿದ್ದರು.

ಚಂದ್ರಮತಿ ಹೋದ ಮೇಲೆ ಮಾರನೆಯ ಬೆಳಗಿನ ಅಳತೆಯ ವಿಷಯ ಎತ್ತಿದೆ. ಐದು ಫೋನು ಬೇಕು. ಅದರಲ್ಲಿ ಒಂದಾದರೂ ದಿನವೂ ಬಳಸುವ, ಅಗ್ಗದ, ಹಳೆಯ ಫೋನು ಇರಬೇಕೆಂದು ನಿಯಮ. ನಮ್ಮಲ್ಲಿ ಅದು ಅತ್ತೆಯದು.

"ಅತ್ತೆ, ನಾಳೆ ಬೆಳಿಗ್ಗೆ ನಿಮ್ಮ ಮೊಬೈಲ್ ಆ ವೈರಿಗೆ ಹಾಕಿ ಇಡ್ತ್ರ್ಯಾ? ಏಳೂವರೆ ತನಕ."

"ಅವನೂ ಹಂಗೇ ಹೇಳ್ತಿದ್ದ. ನಾನೂ ಹ್ಞೂಂ ಹ್ಞೂಂ ಅಂತಿದ್ದೆ." ಅತ್ತೆ ಬುಟ್ಟಿ ಮಗುಚಿ ಬಡಿಯುತ್ತಿದ್ದರು. "ರಾತ್ರಿ ಅವ ಕಾಂಬಾಂಗೆ ಹಾಕಿ ಇಡುದ್. ಐದ್ ಗಂಟಿಗೆ ಮೆಲ್ಲಗೆ ಎಳ್ಕಂಡ್ ಹೋಪುದ್. ಮೊಬೈಲ್ ಇಲ್ದೆ ಬಂದ್ರಿಗೆ ಹೋದ್ರೆ ಯಾವ್ ಬೋಟ್ ಬಂತ್ ಅಂದೆಳಿ ನಂಗೆ ಯಾರ್ ಹೇಳ್ತ್ರ್?"

"ಯಾವತ್ತೂ ಹಾಗೇ ತಕಂಡ್ ಹೋತಿದ್ರ್ಯಾ?"

"ಯಾವತ್ತೂ. ಪಾಪ, ಗೊತ್ತೇ ಆಯ್ಲಿಲ್ಲೆ ಅವಂಗೆ. ಏಳ್ ಗಂಟಿಗೆ ಮೊದ್ಲ್ ಎದ್ದವ್ನಾ ಅವ?" ಅತ್ತೆ ನಗಾಡಿದರು. ಹದಿನಾಲ್ಕು ದಿನದಲ್ಲಿ ಮೊದಲ ಸಲ.

ನಾನು ಒಳಗೆ ಹೋದೆ. ಸುಧೀರನ ಪುಸ್ತಕ ತೆರೆದೆ. ಪೇಂಟ್, ಮೂರು ಅಳತೆ, ಮೂರೂ ಬೆಳಿಗ್ಗೆ ಆರೂವರೆಗೆ. ಆ ಹೊತ್ತಿಗೆ ಲೈನಿನಲ್ಲಿ ಕರೆಂಟು ಏರಿಳಿಯುವುದಿಲ್ಲ, ಟವರಿಗೂ ಹೊರೆ ಕಮ್ಮಿ. ರಾತ್ರಿಯೇ ಎಲ್ಲ ಹೊಂದಿಸಿ, ಆರೂವರೆಗೆ ತಾನಾಗಿ ಶುರುವಾಗುವಂತೆ ಇಟ್ಟು, ಕೋಣೆಯ ಬಾಗಿಲು ಹಾಕಿ ಮಲಗುತ್ತಿದ್ದ. ಅಳತೆ ಮುಗಿಯುವವರೆಗೆ ಬಾಗಿಲು ತೆರೆಯಬಾರದೆಂದು ನನಗೂ ಹೇಳಿದ್ದ. ಒಟ್ಟು ಕರೆಂಟನ್ನು ಐದರಿಂದ ಭಾಗಿಸಿದ್ದ. ಎದ್ದು ಬಾಗಿಲು ತೆರೆಯುವಷ್ಟರಲ್ಲಿ ಎಂಟಾಗುತ್ತಿತ್ತು. ಅಂಕಿ ಬರೆದುಕೊಳ್ಳಲು ಮೇಜಿನ ಕೆಳಗಿನ ಮೀಟರನ್ನಷ್ಟೇ ನೋಡುತ್ತಿದ್ದ; ಮೇಲೆ ಒಂದು ವೈರು ಖಾಲಿ ಇರುವುದು ಅವನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ನಾಲ್ಕು ಫೋನಿನ ಕರೆಂಟು. ಐದರಿಂದ ಭಾಗ.

ಸರ್ವರು ಮತ್ತು ಟವರಿನದು ಎಪ್ಪತ್ತಾರು, ಅದು ನನ್ನ ಲೆಕ್ಕ. ಫೋನಿನದು ಇಪ್ಪತ್ತು, ಅದು ಅವನದು. ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೈದು. ಒಟ್ಟು ನೂರ ಒಂದು.

ಪೆನ್ನು ಕೆಳಗಿಟ್ಟೆ. ಏನೂ ಅನ್ನಿಸಲಿಲ್ಲ. ಕಿಟಕಿಯ ಹೊರಗೆ ಅತ್ತೆ ಮೀನು ಹೆಚ್ಚುತ್ತಿದ್ದರು. ಬೆಕ್ಕು ಕಾದು ಕೂತಿತ್ತು.

ಹೋಗಿ ಅವರ ಎದುರು ಕೂತು ಹೇಳಿದೆ. ಒಂದು ಫೋನು ಇಲ್ಲದ ಅಳತೆ, ಅದಕ್ಕೆ ಲೆಕ್ಕ ಕಮ್ಮಿ ಬಂತು. ಸರಿಯಾಗಿ ಅಳೆದರೆ ಗೆರೆ ದಾಟುತ್ತದೆ. ದಾಟಿದರೆ ಜಾಹೀರಾತು ತೆಗೆಯುತ್ತಾರೆ. ಮತ್ತೆ ಆ ಸ್ವರ ಕರೆಯುವುದಿಲ್ಲ.

ಅತ್ತೆ ಕತ್ತಿ ನಿಲ್ಲಿಸಲಿಲ್ಲ. "ಎಷ್ಟ್ ದಾಟ್ತತ್?"

"ಒಂದ್ ಗ್ರಾಮ್. ಹೆಚ್ಚಂದ್ರೆ ಮೂರ್."

"ಮೂರ್ ಗ್ರಾಮ್ ಅಂದ್ರೆ ಒಂದ್ ಸಿಗ್ಡಿ ಮೀನೂ ಆತಿಲ್ಲೆ."

"ಸಾವ್ರ ಸಲ ಕಂಡ್ರೆ ಮೂರ್ ಗ್ರಾಮ್."

"ಅದ್ ಕಣ್ಣಿಗೆ ಕಾಂತತ್ತಾ?"

"ಇಲ್ಲ."

"ಮೂಗಿಗೆ ಬತ್ತತ್ತಾ?"

"ಇಲ್ಲ."

"ಹಂಗಾರೆ ಸುಮ್ನಿರ್. ನಾನ್ ಮೊಬೈಲ್ ತೆಗ್ದ್ ನಂಗ್ ಗೊತ್ತ್, ನಿಂಗ್ ಗೊತ್ತ್. ಮತ್ಯಾರಿಗೂ ಗೊತ್ತಿಲ್ಲೆ. ಅವಂಗೇ ಗೊತ್ತಿರ್ಲಿಲ್ಲೆ."

ಸುಮ್ಮನೆ ಸಹಿ ಹಾಕಿಬಿಡಬಹುದು ಎಂದು ನನಗೆ ಅನ್ನಿಸಿತು. ತೊಂಬತ್ತಾರಕ್ಕೂ ನೂರ ಒಂದಕ್ಕೂ ಒಂದೇ ಪೆನ್ನು.

ಅತ್ತೆ ಬಂಗುಡೆಯ ತಲೆ ತೆಗೆದು ಬೆಕ್ಕಿಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, "ಆ ಕಾಗ್ದಕ್ಕೆ ಯಾರ ಹೆಸ್ರ್ ಹಾಕುದ್?" ಎಂದು ಕೇಳಿದರು.

"ಅಳತೆ ಅವರದ್. ಸಹಿ ನಂದ್."

"ಅವನ ಹೆಸ್ರೂ ಇರ್ತತ್ತಾ?"

"ಇರ್ತತ್."

ಸಾರಿಗೆ ಖಾರ ಹೆಚ್ಚಾಗಿತ್ತು. ಇಬ್ಬರೂ ಉಂಡೆವು.

ಗುರುವಾರ ಬೆಳಿಗ್ಗೆ ಟೆಂಪೊದ ಹಾರ್ನ್ ಕೇಳಿ ಎಚ್ಚರವಾಯಿತು. ಅದು ಹೋದ ಮೇಲೆ ಎದ್ದು ಕೋಣೆಗೆ ಹೋದೆ. ಐದನೇ ವೈರಿನಲ್ಲಿ ಅತ್ತೆಯ ಫೋನು ಇತ್ತು. ಮೂಲೆಯಲ್ಲಿ ಗಾಜು ಒಡೆದದ್ದು, ಹಿಂದೆ ರಬ್ಬರ್ ಬ್ಯಾಂಡ್ ಹಾಕಿದ್ದು. ಮೀನಿನ ಹುರುಪೆಯೊಂದು ಪರದೆಗೆ ಅಂಟಿತ್ತು. ಉಗುರಿನಿಂದ ತೆಗೆದೆ.

ಆರೂವರೆಗೆ ಶುರು ಮಾಡಿದೆ. ಮೊದಲ ಹತ್ತು ನಿಮಿಷ ಐದು ಫೋನುಗಳೂ ಏನೂ ಮಾಡದೆ ಇರಬೇಕು. ಪರದೆ ಉರಿಯುತ್ತಿರಬೇಕು, ಅದರ ಮೇಲೆ ಏನೂ ಇರಬಾರದು. ಏನೂ ಇಲ್ಲದಿದ್ದಾಗ ಎಷ್ಟು ಬೇಕಾಗುತ್ತದೆ ಎಂದು ಗೊತ್ತಾದರೆ ಮಾತ್ರ, ಇದ್ದದ್ದಕ್ಕೆ ಎಷ್ಟು ಎಂದು ಹೇಳಲು ಬರುತ್ತದೆ. ಆ ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇಟ್ಟಿದ್ದೆ.

ಆಮೇಲೆ ಜಾಹೀರಾತು. ಒಂದೊಂದು ಫೋನಿನಲ್ಲಿ ಐವತ್ತು ಸಲ. ಬೆರಳು ಬೇಕಾಗಿಲ್ಲ, ಪ್ರೋಗ್ರಾಂ ತಾನೇ ಉಜ್ಜುತ್ತದೆ. ಸ್ವರ ಅರ್ಧ ಮಟ್ಟದಲ್ಲಿ ಇರಬೇಕು. ಐದು ಫೋನೂ ಒಟ್ಟಿಗೆ ಹೇಳಿದವು. ಒಟ್ಟಿಗೆ ಅಲ್ಲ. ಅವನ ಫೋನು ಮೊದಲು, ನನ್ನದು ಮತ್ತೆ, ಆಫೀಸಿನ ಎರಡು ಸ್ವಲ್ಪ ಬಿಟ್ಟು. ಎಲ್ಲ ಮುಗಿದ ಮೇಲೆ ಅತ್ತೆಯ ಫೋನು ಒಂದೇ, "ಹ್ವಾಯ್! ಗ್ವಾಡಿ ಒಮ್ಮೆ ಕಾಣಿ!" ಅದು ನಿಧಾನ. ಪ್ರತಿ ಸಲವೂ ಕೊನೆಗೆ.

ಇನ್ನೂರೈವತ್ತು ಸಲ. ಇಪ್ಪತ್ತರವರೆಗೆ ಕೇಳಿಸಿತು. ಆಮೇಲೆ ಫ್ಯಾನಿನ ಸದ್ದಿನ ಹಾಗಾಯಿತು. ಎದುರಿನ ಗೋಡೆಯ ಮೇಲೆ ನಿಜವಾಗಿಯೂ ಪಾಚಿ ಇತ್ತು. ಅದನ್ನೇ ನೋಡಿದೆ.

ಏಳೂವರೆಯ ಹೊತ್ತಿಗೆ ಮುಗಿಯಿತು. ಮೀಟರಿನ ಅಂಕಿ ಬರೆದುಕೊಂಡೆ. ಕಳೆದೆ, ಐದರಿಂದ ಭಾಗಿಸಿದೆ. ಇಪ್ಪತ್ತೇಳು. ಹಳೆಯ ಫೋನು ಹೆಚ್ಚು ತಿನ್ನುತ್ತದೆ. ಒಟ್ಟು ನೂರ ಮೂರು.

ಅತ್ತೆ ಆ ದಿನ ಹನ್ನೊಂದಕ್ಕೇ ಬಂದರು. ಬುಟ್ಟಿಯಲ್ಲಿ ತಳ ಮುಚ್ಚುವಷ್ಟೂ ಇಲ್ಲ. ದೊಡ್ಡ ಬೋಟು ಬಂದರಿನ ಇನ್ನೊಂದು ದಕ್ಕೆಗೆ ಬಂದಿತ್ತಂತೆ. ಹೇಳುವವರು ಫೋನು ಮಾಡಿದ್ದರು. ಮನೆಯಲ್ಲಿ ರಿಂಗ್ ತೆಗೆದು ವೈರಿಗೆ ಹಾಕಿದ್ದ ಫೋನಿನಲ್ಲಿ, ಆರಕ್ಕೆ ಮೊದಲೇ ಬಂದ ನಾಲ್ಕು ಮಿಸ್ಡ್ ಕಾಲ್ ಇದ್ದವು.

"ನಿನ್ನ ಮೂರ್ ಗ್ರಾಮಿಗೆ ನಂಗೆ ಇಷ್ಟ್ ಬೈಗೆ ಸಿಕ್ತ್ ಕಾಣ್," ಎಂದು ಬುಟ್ಟಿ ತೋರಿಸಿದರು. ಬೆರಳುದ್ದದ ಮೀನುಗಳು. ಬೆಕ್ಕು ಮಾತ್ರ ಎದ್ದು ಬಂತು. ಅತ್ತೆ ಕಾಲು ತೊಳೆದು ಬಂದು ಕೇಳಿದರು. "ಎಷ್ಟ್ ಬಂತ್?"

"ನೂರ ಮೂರ್."

"ಸರಿ ಅಳ್ದ್ಯಾ?"

"ಸರಿ ಅಳ್ದೆ."

"ಹಂಗಾರೆ ಅದ್ನೇ ಬರಿ. ಅವನ ಹೆಸ್ರಿನ್ ಎದ್ರ್ ಸುಳ್ಳ್ ಬ್ಯಾಡ." ಫೋನನ್ನು ರವಿಕೆಯೊಳಗೆ ಹಾಕಿಕೊಂಡು ಅಡುಗೆಮನೆಗೆ ಹೋದರು.

ಬರೆದು ಕಳಿಸಿದೆ. ರಾಘವೇಂದ್ರ ಸರ್ ಕೂಡಲೇ ಫೋನ್ ಮಾಡಿದರು.

"ತೊಂಬತ್ತಾರು ಇತ್ತಲ್ಲ ವಿನಯಾ."

"ಅದು ನಾಲ್ಕು ಫೋನಿನ ಅಳತೆ ಸರ್. ಐದು ಎಂದು ಭಾಗಿಸಿದ್ದಾರೆ."

"ಸುಧೀರ್ ತಪ್ಪು ಮಾಡಿದರಾ?"

"ಫೋನು ಇಲ್ಲದ್ದು ಅವರಿಗೆ ಗೊತ್ತಿರಲಿಲ್ಲ."

ಅವರ ಹಿಂದೆ ಬ್ರಹ್ಮಾವರದ ರಸ್ತೆಯ ಬಸ್ಸುಗಳು ಕೇಳುತ್ತಿದ್ದವು. "ನೋಡಿ, ನಾನು ಹೇಳಬಾರದು. ಆದರೆ ಮನೆಯಲ್ಲಿ ಅವರ ತಾಯಿ... ಆ ಸ್ವರ..."

"ಅವರಿಗೆ ಹೇಳಿದ್ದೇನೆ ಸರ್."

"ಹಾಗಾದರೆ ನಾಳೆ ಬೆಳಿಗ್ಗೆ ತೆಗೆಸುತ್ತೇನೆ."

"ಆಯ್ತು ಸರ್."

ಶುಕ್ರವಾರ ಮಧ್ಯಾಹ್ನ ಅತ್ತೆಯೂ ಚಂದ್ರಮತಿಯೂ ಜಗಲಿಯಲ್ಲಿ ಕೂತು ಪುಟವನ್ನು ತಳ್ಳುತ್ತಿದ್ದರು. ಅತ್ತೆ ಅವರಿಗೆ ಏನೂ ಹೇಳಿರಲಿಲ್ಲ. ಚಂದ್ರಮತಿಯ ಫೋನಿಗೆ ಮೊದಲು ಬಂತು. ಹಳದಿ ಗೋಡೆ, ಕಂಪನಿಯ ಹೆಸರು.

"ಎಂತ ಇದ್? ಇವತ್ತ್ ಬಾಯೇ ಬಿಡ್ಲಿಲ್ಲೆ ಅವ. ಸಿಟ್ಟಾ?"

"ಇನ್ ಬತ್ತಿಲ್ಲ ಅವ," ಅಂದರು ಅತ್ತೆ. "ಅಳತಿ ಮೀರ್ತಂಬ್ರ್."

ಚಂದ್ರಮತಿ ನನ್ನ ಮುಖ ನೋಡಿದರು. ಏನೋ ಕೇಳಲು ಬಾಯಿ ತೆರೆದವರು, "ಆಸ್ರಿಗ್ ಎಂತಾರೂ ಇತ್ತಾ ಹೆಣ್ಣೇ?" ಎಂದರು. ನಾನು ಒಳಗೆ ಹೋಗಿ ಚಾ ಮಾಡಿದೆ. ಹಾಲು ಬೇಕಾದಷ್ಟು ಇತ್ತು.

ಶನಿವಾರ ಮೀಟರನ್ನು ಕಿತ್ತು ಒಂದು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಬೈಂದೂರಿನ ಬಸ್ಸು ಹತ್ತಿದೆ. ಹೆಮ್ಮಾಡಿ ಬಂತು. ಹೆಮ್ಮಾಡಿ ಹೋಯಿತು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಬಸ್ಸಿನಲ್ಲಿದ್ದ ಬೇರೆ ಊರಿನವರು ಎದ್ದು ನಿಂತು ಫೋಟೊ ತೆಗೆದರು. ಟಿಕೆಟನ್ನು ನಾನು ಕೈಯಲ್ಲೇ ಹಿಡಿದಿದ್ದೆ.

ಮಂಜ ಅವರ ಅಂಗಡಿ ಬಸ್ ನಿಲ್ದಾಣದಿಂದ ಐದು ನಿಮಿಷ. ಹೊರಗೆ ಐಸ್‌ಕ್ರೀಮ್ ಇಡುವ ಉದ್ದನೆಯ ಫ್ರೀಜರೊಂದು ಬೆನ್ನು ಬಿಚ್ಚಿಕೊಂಡು ನಿಂತಿತ್ತು. ಐವತ್ತು ದಾಟಿದ ಮನುಷ್ಯ ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕೊಳವೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

"ಮಂಜಣ್ಣ ಅಂದ್ರೆ ನೀವೇಯಾ? ನಾನು ಕೋಡಿಯಿಂದ. ಸುಧೀರನ ಹೆಂಡತಿ."

ಅವರು ಎದ್ದರು. ಕೈ ಒರೆಸಿಕೊಂಡರು. ಕುರ್ಚಿಯ ಮೇಲಿದ್ದ ಗ್ಯಾಸ್ ಸಿಲಿಂಡರನ್ನು ಕೆಳಗಿಟ್ಟು, "ಕೂಕಣಿ, ಕೂಕಣಿ," ಅಂದರು. ಮತ್ತೆ, "ಪೇಪರಂಗೆ ಕಂಡೆ ತಂಗಿ. ಬಪ್ಪುಕಾಯ್ಲಿಲ್ಲೆ," ಅಂದರು.

ಟವೆಲು ಬಿಚ್ಚಿ ಮೀಟರನ್ನು ತೋರಿಸಿದೆ.

"ಅಯ್ಯೋ, ಇದ್ಕಾ ಅಷ್ಟ್ ದೂರ ಬಂದದ್ದ್! ಎರಡ್ ದಿನಕ್ಕೆ ಅಂದೆಳಿ ತಕಂಡ್ ಹೋದವ ಮಾರಾಯ. ಎಂಟ್ ತಿಂಗ್ಳಾಯ್ತ್. ಕೇಂಡ್ರೆ, ನಾಳೆ ಮಂಜಣ್ಣ, ನಾಳೆ. ನಾನ್ ಅಲ್ಲಿ ತನಕ ಈ ಬೆರಳಂಗೇ ಅಳ್ದೆ." ಬೆರಳು ಎತ್ತಿ ತೋರಿಸಿ ನಗಲು ಹೋಗಿ ನಿಲ್ಲಿಸಿದರು. "ಕೇಂಬುಕೆ ಬಪ್ಪುದ್ ಬ್ಯಾಡ ಅಂದೆಳಿ ಸುಮ್ನಿದ್ದೆ. ಎಂತ ಅಳೀತಿದ್ದ ಇದ್ರಂಗೆ?"

"ಮೊಬೈಲಿನಲ್ಲಿ ಬರುವ ಜಾಹೀರಾತು."

"ಅದೂ ಕರೆಂಟ್ ತಿಂತತ್ತಾ?"

"ತಿನ್ನುತ್ತದೆ. ಸ್ವಲ್ಪ."

ಕೆಲಸ ಮಾಡುತ್ತದೆಯೇ ಎಂದು ಅವರು ನೋಡಬಹುದೆಂದು ನಾನೇ ಅಂಗಡಿಯ ಬೋರ್ಡಿಗೆ ಮೀಟರನ್ನು ಸಿಕ್ಕಿಸಿದೆ. ಪರದೆ ಹತ್ತಿತು. ಈವರೆಗೆ ಹೋದ ಒಟ್ಟು ಕರೆಂಟು ತೋರಿಸಿತು. ನಾಲ್ಕು ಯೂನಿಟ್ ಚಿಲ್ಲರೆ. ಎಂಟು ತಿಂಗಳಿನದು. ಅದರಲ್ಲಿ ಕೊನೆಯ ಒಂದು ಗಂಟೆ ಮಾತ್ರ ನನ್ನದು.

ಮಂಜಣ್ಣ ಬಗ್ಗಿ ನೋಡಿದರು. "ಸೊನ್ನಿ ಮಾಡ್ಲಿಲ್ಲ್ಯಾ ಅವ? ಸೊನ್ನಿ ಮಾಡಿ ವಾಪಾಸ್ ಕೊಡುದ್ ನಮ್ಮ ಕ್ರಮ. ಇಲ್ದಿರೆ ಮುಂದಿನ ಫ್ರಿಜ್ಜಿಗೆ ಹಿಂದಿಂದೂ ಸೇರ್ತತ್." ಅಷ್ಟು ಹೇಳಿ ನನ್ನ ಕಡೆ ನೋಡಿದರು. "ಇರ್ಲಿ ಬಿಡಿ. ಮತ್ತೆ ನಾನ್ ಮಾಡ್ಕಂತೆ."

"ಎಲ್ಲಿ ಒತ್ತಬೇಕು?"

"ಬಲ್ದಿ ಬದಿ ಸಣ್ಣ ಗುಂಡಿ. ಐದ್ ಸೆಕೆಂಡ್ ಹಿಡ್ಕಣ್ಕ್."

ಹಿಡಿದೆ. ಅಂಕಿ ಎರಡು ಸಲ ಮಿನುಗಿತು. ಸೊನ್ನೆ ಬಂತು. ಮೀಟರನ್ನು ಕಿತ್ತು, ಟವೆಲಿನ ತುದಿಯಿಂದ ಇ‌ನ್ನೊಮ್ಮೆ ಒರೆಸಿ, ಅವರ ಕೈಗೆ ಕೊಟ್ಟೆ.